ಮನೆ ಬಾಗಿಲಿಗೆ ಬರುವ ಅಡುಗೆ ಕಿಟ್: ದಿನದ ಅಡುಗೆಗೆ ಆಗಿಬರುತ್ತಾ?

ಪ್ರಶ್ನೆ: ನಾವು ಬೆಂಗಳೂರಿನ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. 9 ವರ್ಷದ ಮಗ ಇದ್ದಾನೆ. ಬಿಪಿ ಇರುವ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅಡುಗೆಗೆ ಬರುತ್ತಿದ್ದವರು ಯುಗಾದಿಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ. ಬೆಳಗಿನದು ಹೇಗೋ ಆಗುತ್ತದೆ, ರಾತ್ರಿ ಅಡುಗೆಯೇ ಕಷ್ಟ. ವಾರಕ್ಕೆ ಎರಡು ಸಲವಾದರೂ ಹೋಟೆಲಿನಿಂದ ತರಿಸುತ್ತೇವೆ. ಈಗ ಒಂದು ಕಂಪನಿಯವರು ಅಡುಗೆ ಕಿಟ್ ಕಳಿಸುತ್ತಾರಂತೆ. ಹೆಚ್ಚಿದ ತರಕಾರಿ, ಅಳೆದ ಅಕ್ಕಿ, ಮಸಾಲೆ ಪೇಸ್ಟ್, ಮಾಡುವ ವಿಧಾನದ ಚೀಟಿ ಎಲ್ಲ ಇರುತ್ತದೆ. ಒಬ್ಬರಿಗೆ 180 ರೂಪಾಯಿ. ವಾರಕ್ಕೆ ಐದು ರಾತ್ರಿ ತರಿಸೋಣ, ಹೋಟೆಲಿಗಿಂತ ಅಗ್ಗ ಎನ್ನುತ್ತಾರೆ ಯಜಮಾನರು. ನಿನ್ನೆ ಹೆಚ್ಚಿದ ತರಕಾರಿಯಲ್ಲಿ ಸತ್ವ ಇರಲ್ಲ, ಹೊಟ್ಟೆ ಬೇರೆ ಕೆಡುತ್ತೆ ಎನ್ನುತ್ತಾರೆ ಅತ್ತೆ. ಅಷ್ಟೊಂದು ಪ್ಲಾಸ್ಟಿಕ್ ನೆನೆದರೆ ನನಗೂ ಬೇಜಾರು. ಮೊದಲ ವಾರ ಅರ್ಧ ಬೆಲೆ ಅಂತ ಬುಕ್ ಮಾಡಿಬಿಟ್ಟಿದ್ದೇನೆ, ಸೋಮವಾರ ಶುರು. ಮುಂದುವರಿಸಲೋ ಬೇಡವೋ? ಇದು ಸೋಮಾರಿತನವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಇದು ಸೋಮಾರಿತನ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಮ್ಮ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ನಿಂತು ಏಳೂವರೆಗೆ ಮನೆ ಸೇರಿದವರು ಒಂದು ಕೆಲಸ ಕಡಿಮೆಯಾದರೆ ಸಾಕಪ್ಪ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ? ನಮ್ಮ ಅಜ್ಜಿಯರೂ ಕೆಲಸ ಮುಂಚಿತವಾಗಿ ಮುಗಿಸಿಡುತ್ತಿದ್ದರು. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಬಾಳಕ. ಆರು ತಿಂಗಳಿಗಾಗುವಷ್ಟು ಸಾರಿನ ಪುಡಿ, ಹುಳಿ ಪುಡಿ. ಸಾಲದ್ದಕ್ಕೆ ಮನೆಯಲ್ಲಿ ನಾಲ್ಕಾರು ಕೈಗಳಿದ್ದವು. ನಿಮ್ಮ ಮನೆಯಲ್ಲಿ ಆ ಕೈಗಳಿಲ್ಲ, ಅಷ್ಟೇ.

ನಾನು ಆಹಾರ ತಂತ್ರಜ್ಞಾನ ಓದಿದವಳು. ಹೆಚ್ಚಿದ ತರಕಾರಿ, ಹಿಟ್ಟು, ಮಸಾಲೆ ಪ್ಯಾಕ್ ಮಾಡುವ ಘಟಕಗಳಲ್ಲಿ ಗುಣಮಟ್ಟ ನೋಡುವ ಕೆಲಸವನ್ನು ಬಹಳ ವರ್ಷ ಮಾಡಿದ್ದೇನೆ. ಆ ಕಡೆಯಿಂದ ಕಂಡದ್ದನ್ನೂ, ನನ್ನ ಅಡುಗೆಮನೆಯಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ. ವಾರದ ಐದೂ ರಾತ್ರಿ ಪೂರ್ತಿ ಕಿಟ್ ಬೇಡ. ನೀವು ಹೋಟೆಲಿನಿಂದ ತರಿಸುವ ಆ ಎರಡು ರಾತ್ರಿಗಾದರೆ ಸರಿ. ಉಳಿದ ದಿನಕ್ಕೆ ಕಿಟ್‌ನ ಒಂದೊಂದು ಭಾಗವನ್ನು ಮಾತ್ರ ಕೊಂಡುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ದುಡ್ಡಿನಿಂದ ಶುರು ಮಾಡೋಣ. ನಾಲ್ಕು ಜನಕ್ಕೆ ಒಂದು ರಾತ್ರಿಗೆ 720 ರೂಪಾಯಿ. ಐದು ರಾತ್ರಿಗೆ 3,600. ತಿಂಗಳಿಗೆ 15,000 ದಾಟುತ್ತದೆ. ಅದೇ ನಾಲ್ಕು ಜನಕ್ಕೆ ಮನೆಯಲ್ಲಿ ಅನ್ನ, ತರಕಾರಿ ಹುಳಿ, ಮೊಸರು ಅಂದರೆ ಎಷ್ಟಾಗುತ್ತದೆ? 150 ಗ್ರಾಂ ತೊಗರಿಬೇಳೆ, ಅರ್ಧ ಕೆಜಿ ತರಕಾರಿ, 400 ಗ್ರಾಂ ಅಕ್ಕಿ, ಅರ್ಧ ಹೋಳು ಕಾಯಿ, ಎಣ್ಣೆ, ಪುಡಿ, ಅರ್ಧ ಲೀಟರ್ ಮೊಸರು. ನಮ್ಮ ಮನೆ ಲೆಕ್ಕದಲ್ಲಿ 150 ರೂಪಾಯಿ ಆಚೀಚೆ. ತರಕಾರಿ ರೇಟು ಏರಿದ ವಾರ 180 ಎಂದಿಟ್ಟುಕೊಳ್ಳಿ. ಆಗಲೂ ಕಿಟ್‌ಗೆ ನಾಲ್ಕು ಪಟ್ಟು ಕೊಟ್ಟಂತಾಯಿತು.

ನಿಮ್ಮ ಯಜಮಾನರ ಮಾತಿನಲ್ಲೂ ಅರ್ಥ ಇದೆ. ಹೋಟೆಲಿನಿಂದ ನಾಲ್ಕು ಜನಕ್ಕೆ ತರಿಸಿದರೆ ಡೆಲಿವರಿ, ಪ್ಯಾಕಿಂಗ್ ಎಲ್ಲ ಸೇರಿ 900, 1,000 ಸುಲಭವಾಗಿ ಆಗುತ್ತದೆ. ಅದಕ್ಕಿಂತ 720 ಕಡಿಮೆಯೇ. ಆದರೆ ನೀವು ಹೋಟೆಲಿನಿಂದ ತರಿಸುವುದು ಎರಡೇ ರಾತ್ರಿ ಅಲ್ವಾ? ಆ ಎರಡು ರಾತ್ರಿ ಕಿಟ್ ನಿಮಗೆ ದುಡ್ಡು ಉಳಿಸುತ್ತದೆ. ಉಳಿದ ಮೂರು ರಾತ್ರಿ ಅದು 150 ರೂಪಾಯಿಯ ಹುಳಿ ಅನ್ನದ ಜಾಗಕ್ಕೆ ಬಂದು ಕೂರುತ್ತದೆ. ಯಾವ ಊಟದ ಬದಲಿಗೆ ಕಿಟ್ ಬರುತ್ತಿದೆ ಅಂತ ನೋಡದೆ ಅಗ್ಗ, ದುಬಾರಿ ಎಂದರೆ ಲೆಕ್ಕ ತಪ್ಪುತ್ತದೆ.

ದುಡ್ಡು ಹೋದರೆ ಹೋಗಲಿ, ಹೊತ್ತು ಉಳಿಯುತ್ತಲ್ಲ ಎನ್ನಬಹುದು. ಇದನ್ನು ತಿಳಿಯಬೇಕು ಅಂತಲೇ ನಾನು ಒಂದು ಸಂಜೆ ಮೊಬೈಲಿನ ಸ್ಟಾಪ್‌ವಾಚ್ ಹಾಕಿಕೊಂಡು ಬೀನ್ಸ್ ಹುಳಿ ಮಾಡಿದೆ. ಬೇಳೆ, ಅಕ್ಕಿ ತೊಳೆದು ಕುಕ್ಕರ್ ಇಡುವುದಕ್ಕೆ 5 ನಿಮಿಷ. ಬೀನ್ಸ್ ನಾರು ತೆಗೆದು, ಹೆಚ್ಚಿ, ಈರುಳ್ಳಿ ಸುಲಿಯುವುದಕ್ಕೆ 14. ಕಾಯಿ ತುರಿಯುವುದಕ್ಕೆ 6. ಮಸಾಲೆ ಹುರಿದು ರುಬ್ಬುವುದಕ್ಕೆ 9. ಎಲ್ಲ ಸೇರಿಸಿ ಕುದಿಸಿ ಒಗ್ಗರಣೆ ಕೊಡುವುದಕ್ಕೆ 8. ಒಟ್ಟು 42 ನಿಮಿಷದ ಕೈಕೆಲಸ. ಅದರ ಮೇಲೆ ಮಿಕ್ಸಿ ಜಾರು, ಕುಕ್ಕರ್, ಬಾಣಲೆ ತೊಳೆದು ಕಟ್ಟೆ ಒರೆಸುವುದಕ್ಕೆ 15. ಅದೇ ವಾರ ಒಂದು ಕಿಟ್ ತರಿಸಿ ಮಾಡಿದೆ. ಆರು ಚಿಕ್ಕ ಚಿಕ್ಕ ಪೊಟ್ಟಣ ಕತ್ತರಿಸಿ, ಚೀಟಿ ಓದುತ್ತಾ, ಒಂದೊಂದಾಗಿ ಬಾಣಲೆಗೆ ಹಾಕುತ್ತಾ 27 ನಿಮಿಷ ಆಯಿತು. ಪಾತ್ರೆ ತೊಳೆಯುವುದು ಅಷ್ಟೇ ಇತ್ತು. ಉಳಿದದ್ದು 15 ನಿಮಿಷ. ಕೈಗೆ ಬಂದದ್ದು ಒಂದೇ ಐಟಂ. ಅತ್ತೆಯವರಿಗೆ ಅನ್ನ ಬೇಕು ಅಂದರೆ ಕುಕ್ಕರ್ ಮತ್ತೆ ಇಡಲೇಬೇಕು.

ಹುಳಿಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಹೆಚ್ಚುವುದು, ಕಾಯಿ ತುರಿಯುವುದು, ಹುರಿದು ರುಬ್ಬುವುದು. ಈ ಮೂರೇ 29 ನಿಮಿಷ ತಿನ್ನುತ್ತಿವೆ. ಈ ಮೂರನ್ನು ಬೇರೆ ದಾರಿಯಲ್ಲಿ ಇಳಿಸಿಕೊಂಡರೆ ಹುಳಿ ಅನ್ನ ಕಿಟ್‌ಗಿಂತ ಬೇಗ ಆಗುತ್ತದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕಿಟ್ ನಮ್ಮ ಅಡುಗೆಗೆ ಅಷ್ಟಾಗಿ ಹೊಂದದೆ ಇರುವುದಕ್ಕೆ ಅದು ಹುಟ್ಟಿದ ಜಾಗವೂ ಒಂದು ಕಾರಣ. 2007ರಲ್ಲಿ ಸ್ವೀಡನ್ನಿನಲ್ಲಿ ಕಿಕಿ ತೇಯಾಂಡರ್ ಎಂಬ ಹೆಣ್ಣುಮಗಳು ಇದನ್ನು ಶುರು ಮಾಡಿದರು. ಅವರ ಕಂಪನಿಯ ಹೆಸರು ಮಿದ್ದಾಗ್ಸ್‌ಫ್ರೀಡ್. ರಾತ್ರಿ ಊಟದ ನೆಮ್ಮದಿ ಎನ್ನುವಂಥ ಅರ್ಥ. ಬರ್ಲಿನ್ನಿನಲ್ಲಿ 2011ಕ್ಕೆ ಹಲೋಫ್ರೆಶ್ ಬಂತು, ನ್ಯೂಯಾರ್ಕಿನಲ್ಲಿ 2012ಕ್ಕೆ ಬ್ಲೂ ಏಪ್ರನ್. ಅಲ್ಲಿಯ ರಾತ್ರಿ ಊಟ ಸಾಮಾನ್ಯವಾಗಿ ಒಂದು ತಟ್ಟೆಯ ಊಟ. ಇವತ್ತು ಇಟಲಿಯದು, ನಾಳೆ ಥಾಯ್ಲೆಂಡಿನದು. ಒಂದು ಚಮಚ ಸಾಸ್‌ಗಾಗಿ ಇಡೀ ಬಾಟಲಿ ಕೊಂಡು, ಉಳಿದದ್ದು ಫ್ರಿಜ್ಜಿನಲ್ಲಿ ಹಾಳಾಗುತ್ತಿತ್ತು. ಕಿಟ್ ಆ ಒಂದು ಚಮಚವನ್ನು ಅಳೆದು ಕೊಟ್ಟಿತು. ಏನು ಅಡುಗೆ ಮಾಡಲಿ ಎಂಬ ಯೋಚನೆಯನ್ನೂ ತಪ್ಪಿಸಿತು. ನಮ್ಮಲ್ಲಿ ಆ ಮೊದಲಿನ ಕಷ್ಟವೇ ಇಲ್ಲ. ನಿಮ್ಮ ಒಲೆ ಪಕ್ಕದ ಒಗ್ಗರಣೆ ಡಬ್ಬಿ ತೆಗೆಯಿರಿ. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಕಡಲೆಬೇಳೆ, ಮೆಂತ್ಯ, ಅರಿಸಿನ, ಒಣಮೆಣಸಿನಕಾಯಿ. ಇಂದು ಸಾರಿಗೆ, ನಾಳೆ ಪಲ್ಯಕ್ಕೆ, ನಾಡಿದ್ದು ಚಿತ್ರಾನ್ನಕ್ಕೆ ಅದೇ ಡಬ್ಬಿ. ಏನೂ ಹಾಳಾಗುವುದಿಲ್ಲ. ನಿಮ್ಮ ಕಿಟ್‌ನ ಅರ್ಧ ಭಾಗ ಆಗಲೇ ಮನೆಯಲ್ಲಿದೆ.

ಇನ್ನೊಂದು ವಿಷಯ. ಬ್ಲೂ ಏಪ್ರನ್ 2017ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಸುಮಾರು 190 ಕೋಟಿ ಡಾಲರ್ ಬೆಲೆಯ ಕಂಪನಿ. 2023ರಲ್ಲಿ ಬೇರೆ ಕಂಪನಿಗೆ ಮಾರಾಟವಾದದ್ದು ಸುಮಾರು 10 ಕೋಟಿ ಡಾಲರಿಗೆ. ರಿಯಾಯಿತಿ ಕಂಡು ಬಂದ ಗಿರಾಕಿಗಳು ರಿಯಾಯಿತಿ ಮುಗಿದ ಮೇಲೆ ನಿಲ್ಲಲಿಲ್ಲ ಎಂಬುದು ಅದರ ದೊಡ್ಡ ತೊಂದರೆಯಾಗಿತ್ತು. ಅರ್ಧ ಬೆಲೆಯ ಮೊದಲ ವಾರ ನೋಡಿ ನೀವು ತೀರ್ಮಾನಕ್ಕೆ ಬರಬೇಡಿ ಅಂತ ಇದನ್ನು ಹೇಳುತ್ತಿದ್ದೇನೆ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ.

ಸತ್ವ ಇರುವುದಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಹೆಚ್ಚಿದ ತರಕಾರಿಯಲ್ಲಿ ವಿಟಮಿನ್ ಸಿ ಕಡಿಮೆಯಾಗುತ್ತಾ ಹೋಗುತ್ತದೆ, ನಿಜ. ಸೊಪ್ಪಿನಲ್ಲಂತೂ ಬೇಗ. ಆದರೆ ನಾರು, ಸುಣ್ಣ, ಕಬ್ಬಿಣ ಎಲ್ಲಿಗೂ ಓಡಿಹೋಗುವುದಿಲ್ಲ. ಕ್ಯಾರೆಟ್‌ನ ಬಣ್ಣದಲ್ಲಿರುವ ಪೋಷಕಾಂಶ ಎರಡು ದಿನಕ್ಕೆ ಹಾಗೇನೂ ಹಾಳಾಗುವುದಿಲ್ಲ. ಇನ್ನು ಮಾರ್ಕೆಟ್ಟಿನ ತರಕಾರಿ ಆಗಷ್ಟೇ ಕಿತ್ತದ್ದು ಎಂದೇನಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ರಾತ್ರಿ ಲಾರಿಯಲ್ಲಿ ಬಂದು, ಮಂಡಿ ದಾಟಿ, ನಿಮ್ಮ ಬೀದಿಯ ಗಾಡಿಗೆ ಬರುವ ಹೊತ್ತಿಗೆ ಅದಕ್ಕೂ ಒಂದೆರಡು ದಿನ ಆಗಿರುತ್ತದೆ. ನಿಮ್ಮ ಫ್ರಿಜ್ಜಿನಲ್ಲಿ ಮತ್ತೆ ಮೂರು ದಿನ. ಹೆಚ್ಚಿದ ಬೀನ್ಸ್ ತಿನ್ನುವುದು ಬೀನ್ಸನ್ನೇ ತಿನ್ನದೆ ಇರುವುದಕ್ಕಿಂತ ಎಷ್ಟೋ ಮೇಲು. ದಿನಕ್ಕೆ ಒಬ್ಬರು ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಮವಾರದ ಕಿಟ್ ಬಂದಾಗ ಅದರ ತರಕಾರಿಯನ್ನು ತೂಕ ಮಾಡಿ ನೋಡಿ. ನಾನು ತರಿಸಿದ ಕಿಟ್ಟಿನಲ್ಲಿ ಒಬ್ಬರ ಪಾಲಿಗೆ 80 ಗ್ರಾಂ ಇತ್ತು. ಹೆಚ್ಚಿದ್ದು ಯಾವಾಗ ಎನ್ನುವುದಕ್ಕಿಂತ ಇದು ನನಗೆ ದೊಡ್ಡ ಕೊರತೆ ಅನ್ನಿಸಿತು.

ಹೊಟ್ಟೆ ಕೆಡುತ್ತೆ ಎನ್ನುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತರಕಾರಿ ಗಿಡದಿಂದ ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ. ಹೆಚ್ಚಿದಾಗ ಇನ್ನೂ ಜೋರಾಗಿ ಉಸಿರಾಡುತ್ತದೆ. ಸಿಪ್ಪೆ ಎಂಬ ಕಾವಲು ಹೋಯಿತು, ಒಳಗಿನ ರಸ ಹೊರಗೆ ಬಂತು. ಆ ರಸ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಒಳ್ಳೆಯ ಘಟಕದಲ್ಲಿ ಇದಕ್ಕೆಲ್ಲ ವ್ಯವಸ್ಥೆ ಇರುತ್ತದೆ. ಕ್ಲೋರಿನ್ ಹಾಕಿದ ತಣ್ಣೀರಿನಲ್ಲಿ ತೊಳೆದು, ನೀರು ಪೂರ್ತಿ ತೆಗೆದು, ಗಾಳಿ ಲೆಕ್ಕದಲ್ಲಿ ಆಡುವಂಥ ಕವರಿಗೆ ತುಂಬಿ, 5 ಡಿಗ್ರಿಯ ಒಳಗಿಡುತ್ತಾರೆ. ಅಷ್ಟು ತಣ್ಣಗಿದ್ದರೆ ಎರಡು ಮೂರು ದಿನಕ್ಕೆ ಭಯವಿಲ್ಲ. 5ರಿಂದ 60 ಡಿಗ್ರಿಯ ನಡುವೆ ಬಂದರೆ ಆಟ ಶುರು. ಬೆಚ್ಚಗಿನ ಜಾಗ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ದೂರು ಬರುತ್ತಿತ್ತು. ಬೆಳಗ್ಗೆ ಚೆನ್ನಾಗಿ ಕಳಿಸಿದ ಮಾಲು ಸಂಜೆಗೆ ಲೋಳೆ ಲೋಳೆ ಅಂತ. ಕಾರಣ ಹುಡುಕಲು ಬಟನ್ನಿನಷ್ಟು ಚಿಕ್ಕ ತಾಪಮಾನ ಮಾಪಕವನ್ನು ಡಬ್ಬಿಯೊಳಗೆ ತರಕಾರಿ ಮಧ್ಯೆ ಇಟ್ಟು ಕಳಿಸಿದೆವು. ವಾಪಸ್ ಬಂದಾಗ ಅದರ ಲೆಕ್ಕ ತೆಗೆದು ನೋಡಿದೆವು. ಘಟಕದಲ್ಲಿ 4 ಡಿಗ್ರಿ. ವ್ಯಾನಿನಲ್ಲಿ 6, 7. ಮಧ್ಯಾಹ್ನ ಒಂದೂವರೆಯಿಂದ ಗೆರೆ ನೆಟ್ಟಗೆ ಮೇಲೆ ಹೋಗಿತ್ತು. 15, 19, 24. ಆ ಹೊತ್ತಿಗೆ ಡಬ್ಬಿ ಎಲ್ಲಿತ್ತು ಅಂತ ವಿಚಾರಿಸಿದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಸೆಕ್ಯೂರಿಟಿಯವರ ಕ್ಯಾಬಿನ್ ಪಕ್ಕದ ಕಬ್ಬಿಣದ ರ‍್ಯಾಕಿನ ಮೇಲೆ. ಏಪ್ರಿಲ್ ತಿಂಗಳು. ಮನೆಯವರು ಆರಕ್ಕೆ ಬಂದು ತೆಗೆದುಕೊಂಡು ಹೋಗಿದ್ದರು. ತಪ್ಪು ಯಾರದು ಎಂದರೆ ಏನು ಹೇಳುವುದು? ಡೆಲಿವರಿ ಹುಡುಗ ಕೊಟ್ಟು ಹೋದ, ಸೆಕ್ಯೂರಿಟಿಯವರು ಜೋಪಾನವಾಗಿ ಇಟ್ಟುಕೊಂಡರು, ಮನೆಯವರು ಬಂದ ಕೂಡಲೇ ಒಯ್ದರು. ತರಕಾರಿ ಮಾತ್ರ ಅಷ್ಟರಲ್ಲಿ ಬೆಂದು ಬಸವಳಿದಿತ್ತು.

ನಿಮ್ಮ ಮನೆಯಲ್ಲಿ ಹಗಲು ಅತ್ತೆ ಇರುತ್ತಾರೆ. ಇದು ದೊಡ್ಡ ಅನುಕೂಲ. ಡಬ್ಬಿ ಮನೆ ಬಾಗಿಲಿಗೇ ಬರಬೇಕು, ಬಂದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಅವರು ದೇವಸ್ಥಾನಕ್ಕೋ ಮಗಳ ಮನೆಗೋ ಹೋಗುವ ದಿನ ಕಿಟ್ ಬೇಡ. ಇಲ್ಲವೇ ನೀವು ಮನೆ ಸೇರಿದ ಮೇಲಿನ ಸಮಯ ಕೊಡಿ. ಕವರ್ ಕೈಗೆ ಬಂದಾಗ ಮುಟ್ಟಿ ನೋಡಿ, ತಣ್ಣಗಿರಬೇಕು. ಒಳಗೆ ಒಂದೆರಡು ಹನಿ ನೀರು ಕಂಡರೆ ಪರವಾಗಿಲ್ಲ. ಅಡಿಯಲ್ಲಿ ನೀರು ನಿಂತಿದ್ದರೆ, ತರಕಾರಿ ಬೆರಳಿಗೆ ಅಂಟುವ ಹಾಗಿದ್ದರೆ, ಹುಳಿ ವಾಸನೆ ಬಂದರೆ ಬಿಸಾಕಿ. ಬೇಯಿಸಿದರೆ ಎಲ್ಲ ಸಾಯುತ್ತೆ ಅಂತ ಧೈರ್ಯ ಮಾಡಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ ಕುದಿಸಿದರೂ ಹೋಗುವುದಿಲ್ಲ. ಬದನೆಕಾಯಿ, ಬಾಳೆಕಾಯಿಯ ಅಂಚು ಕಪ್ಪಾಗಿದ್ದರೆ ಅದು ಬೇರೆ ವಿಷಯ. ಅದು ಗಾಳಿ ತಾಕಿ ಆಗುವುದು, ಕೆಟ್ಟದ್ದರ ಗುರುತಲ್ಲ. ಅದಕ್ಕೇ ಅಲ್ವಾ ನಾವು ಹೆಚ್ಚಿದ ಕೂಡಲೇ ನೀರಿಗೋ ಮಜ್ಜಿಗೆ ನೀರಿಗೋ ಹಾಕುವುದು?

ಇಲ್ಲೇ ಇನ್ನೆರಡು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಿಬಿಡುತ್ತೇನೆ, ನನ್ನನ್ನು ಇವನ್ನು ಕೇಳದ ಮನೆಯಿಲ್ಲ. ದೋಸೆ ಹಿಟ್ಟಿನ ಕವರ್ ಉಬ್ಬಿದರೆ ಏನೋ ಕೆಮಿಕಲ್ ಹಾಕಿದ್ದಾರೆ ಎನ್ನುತ್ತಾರೆ. ಹಿಟ್ಟು ಹುದುಗುವಾಗ ಗಾಳಿ ಬರುತ್ತದೆ, ನಿಮ್ಮ ಮನೆ ಪಾತ್ರೆಯಲ್ಲಿ ಉಕ್ಕುವುದೂ ಅದೇ. ಹುದುಗಿದ ಹಿಟ್ಟು ಹುಳಿಯಾಗಿರುವುದರಿಂದ ಹಾನಿ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿ ಸುಲಭಕ್ಕೆ ಬೆಳೆಯುವುದಿಲ್ಲ. ಕೊಳ್ಳುವ ಸಾಮಾನಿನಲ್ಲೆಲ್ಲ ನಾನು ಧೈರ್ಯವಾಗಿ ಒಪ್ಪುವುದು ಇದನ್ನೇ. ಬೆಂಗಳೂರಿನಲ್ಲೇ 2005ರಲ್ಲಿ ಹಿಟ್ಟಿನ ಪೊಟ್ಟಣದಿಂದ ಶುರುವಾದ ಐಡಿ ಕಂಪನಿ ಇವತ್ತು ಎಷ್ಟು ಬೆಳೆದಿದೆ ನೋಡಿ. ಆದರೆ ಪನೀರ್, ಗ್ರೇವಿಯ ಪೊಟ್ಟಣ ಉಬ್ಬಿದ್ದರೆ ತೆರೆಯದೆ ಎಸೆಯಿರಿ. ಎರಡನೆಯದು, ಆರು ತಿಂಗಳು ಕೆಡದ ಪೊಟ್ಟಣದಲ್ಲಿ ಪ್ರಿಸರ್ವೇಟಿವ್ ಇದ್ದೇ ಇರುತ್ತದೆ ಎಂಬ ನಂಬಿಕೆ. ರಿಟಾರ್ಟ್ ಎನ್ನುವ ಇಂಥ ಪೊಟ್ಟಣವನ್ನು ಮುಚ್ಚಿದ ಮೇಲೆ 121 ಡಿಗ್ರಿಯ ಆಸುಪಾಸಿನಲ್ಲಿ ಒತ್ತಡದಲ್ಲಿ ಬೇಯಿಸುತ್ತಾರೆ. ಒಳಗೆ ಕೆಡಿಸುವಂಥದ್ದು ಏನೂ ಉಳಿದಿರುವುದಿಲ್ಲ, ಅದಕ್ಕೇ ಕೆಡುವುದಿಲ್ಲ. ಸೈನಿಕರಿಗೆ ಇಂಥ ಊಟ ಕಟ್ಟಿಕೊಡುವ ಕೆಲಸವನ್ನು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಬಹಳ ವರ್ಷ ಮಾಡಿದೆ.

ನಿಮ್ಮ ಮನೆಯ ಮಟ್ಟಿಗೆ ನನಗೆ ನಿಜವಾದ ಚಿಂತೆ ಉಪ್ಪಿನದು. ಅತ್ತೆಯವರಿಗೆ ಬಿಪಿ ಇದೆ ಎಂದಿದ್ದೀರಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸುಮಾರು ಒಂದು ಟೀ ಚಮಚ. ಮಸಾಲೆ ಪೇಸ್ಟ್ ಕೆಡದೆ ಇರುವುದಕ್ಕೆ ಉಪ್ಪು, ಎಣ್ಣೆ, ಹುಳಿ ಬೇಕು. ಪೊಟ್ಟಣದ ಹಿಂದೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಒಂದು ಪೇಸ್ಟಿನಲ್ಲಿ 100 ಗ್ರಾಂಗೆ 2,400 ಮಿಲಿಗ್ರಾಂ ಸೋಡಿಯಂ ಎಂದು ಇದೆ ಎಂದುಕೊಳ್ಳಿ. ಪೊಟ್ಟಣ 80 ಗ್ರಾಮಿನದು. ಒಟ್ಟು 1,920 ಮಿಲಿಗ್ರಾಂ, ಅಂದರೆ ಸುಮಾರು 4.8 ಗ್ರಾಂ ಉಪ್ಪು. ನಾಲ್ಕು ಜನ ಹಂಚಿಕೊಂಡರೆ ತಲೆಗೆ 1.2 ಗ್ರಾಂ, ಪರವಾಗಿಲ್ಲ. ಅದು ಇಬ್ಬರ ಪೊಟ್ಟಣವಾಗಿದ್ದರೆ ಒಬ್ಬರಿಗೆ 2.4 ಗ್ರಾಂ. ಒಂದೇ ಐಟಂನಲ್ಲಿ ದಿನದ ಅರ್ಧ ಉಪ್ಪು ಮುಗಿಯಿತು. ಮೇಲೆ ಒಂದು ಹೋಳು ಉಪ್ಪಿನಕಾಯಿ, ಎರಡು ಹಪ್ಪಳ ಬಂದರೆ ಹೇಳುವುದೇ ಬೇಡ. ಪೇಸ್ಟನ್ನು ಮುಕ್ಕಾಲು ಭಾಗ ಮಾತ್ರ ಹಾಕಿ. ಟೊಮೆಟೊ, ಬೆಂದ ಬೇಳೆ, ತರಕಾರಿ ಜಾಸ್ತಿ ಮಾಡಿ ತೆಳುಮಾಡಿಕೊಳ್ಳಿ. ಚೀಟಿಯಲ್ಲಿ ರುಚಿಗೆ ಉಪ್ಪು ಎಂದು ಬರೆದಿದ್ದರೂ ಹಾಕಬೇಡಿ. ಸೋಡಿಯಂ ಎಷ್ಟೆಂದು ಬರೆಯದ ಕಂಪನಿಯ ಕಿಟ್ ನಿಮ್ಮ ಮನೆಗೆ ಬೇಡವೇ ಬೇಡ. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) 14 ಅಂಕಿಯ ಲೈಸೆನ್ಸ್ ನಂಬರ್, ಪ್ಯಾಕ್ ಮಾಡಿದ ದಿನಾಂಕ, ಯಾವಾಗಿನೊಳಗೆ ಬಳಸಬೇಕು ಎಂಬುದು, ಇವೂ ಇರಲೇಬೇಕು.

ಪ್ಲಾಸ್ಟಿಕ್ ಬಗ್ಗೆ ನಿಮಗಿರುವ ಬೇಜಾರು ನ್ಯಾಯವಾದದ್ದೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕಿಟ್ ಪರ ಇರುವವರು ಮುಂದಿಡುತ್ತಾರೆ. ಅಂಗಡಿಯಿಂದ ಸಾಮಾನು ತಂದು ಮಾಡುವ ಊಟದಿಂದ ಆಗುವ ಇಂಗಾಲದ ಹೊರೆ ಕಿಟ್ ಊಟಕ್ಕಿಂತ ಸರಾಸರಿ 33% ಜಾಸ್ತಿ ಎಂದು ಅದು ಹೇಳಿತ್ತು. ನಿಜವೇ. ಆದರೆ ಅಲ್ಲಿಯ ಕಾರಣಗಳನ್ನು ನೋಡಬೇಕು. ದೊಡ್ಡ ಅಂಗಡಿಗಳಲ್ಲಿ ಮಾರಾಟವಾಗದೆ ಹಾಳಾಗುವ ಆಹಾರ, ಮನೆಯಲ್ಲಿ ವ್ಯರ್ಥವಾಗುವ ಆಹಾರ, ಅಂಗಡಿಗೆ ಕಾರಿನಲ್ಲಿ ಹೋಗಿ ಬರುವುದು. ಬೀದಿ ಗಾಡಿಯಿಂದ ಬಟ್ಟೆ ಚೀಲದಲ್ಲಿ ಅರ್ಧ ಕೆಜಿ ಬೀನ್ಸ್ ತರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ನಾನು ತರಿಸಿದ ಒಂದು ಕಿಟ್ಟಿನಿಂದ ಒಂಬತ್ತು ತುಂಡು ಪ್ಲಾಸ್ಟಿಕ್ ಬಂತು. ಐದು ರಾತ್ರಿಗೆ ಅಷ್ಟು ಬೇಕಾ ಎನ್ನುವುದನ್ನು ನೀವೇ ಯೋಚಿಸಿ.

ಹಾಗಾದರೆ ಏನು ಮಾಡುವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಆ 29 ನಿಮಿಷವನ್ನು ಹಿಡಿಯುತ್ತೇನೆ.

ಕಾಯಿ ತುರಿಯುವುದನ್ನು ವಾರಕ್ಕೊಂದೇ ದಿನ ಮಾಡಿ. ಭಾನುವಾರ ಮೂರು ಕಾಯಿ ಒಡೆದು ತುರಿದು, ಅಗಲ ಡಬ್ಬಿಯಲ್ಲಿ ತೆಳುವಾಗಿ ಹರಡಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಪುಡಿ ಪುಡಿ ಮಾಡಿ ಮುಚ್ಚಿಟ್ಟರೆ ಬೇಕಾದಾಗ ಒಂದು ಹಿಡಿ ತೆಗೆಯಬಹುದು. ರುಬ್ಬುವಾಗ ಬೆಚ್ಚಗಿನ ನೀರು ಹಾಕಿ, ತಣ್ಣೀರು ಹಾಕಿದರೆ ಕಾಯಿಯ ಎಣ್ಣೆ ಗಟ್ಟಿಯಾಗಿ ಉಂಡೆ ಉಂಡೆಯಾಗುತ್ತದೆ. ಅಷ್ಟೂ ಆಗಲ್ಲ ಅಂದರೆ ಫ್ರೀಜ್ ಮಾಡಿದ ತುರಿಯೇ ಅಂಗಡಿಯಲ್ಲಿ ಸಿಗುತ್ತದೆ, ತನ್ನಿ. ಫ್ರೀಜ್ ಮಾಡದ, ಸುಮ್ನೆ ಫ್ರಿಜ್ಜಿನಲ್ಲಿಟ್ಟು ಮಾರುವ ತುರಿ ಬೇಡ. ಅದು ಬಹಳ ಬೇಗ ಕೆಡುತ್ತದೆ.

ಮಸಾಲೆಗೆ ನಿಮ್ಮ ಅತ್ತೆಯೇ ಇದ್ದಾರೆ. ಕೊತ್ತಂಬರಿ ಬೀಜ, ಕಡಲೆಬೇಳೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಎಷ್ಟೆಷ್ಟು ಎಂಬ ಲೆಕ್ಕ ಅವರ ಕೈಯಲ್ಲಿರುತ್ತದೆ. ಅವರು ಕೂತು ಹೇಳಲಿ, ನೀವೋ ಯಜಮಾನರೋ ಹುರಿಯಿರಿ. ಎರಡು ತಿಂಗಳಿಗಾಗುವಷ್ಟು ಹುಳಿ ಪುಡಿ ಒಂದೂವರೆ ಗಂಟೆಯ ಕೆಲಸ. ಉಪ್ಪು ಹಾಕದೆ ಮಾಡಿ. ಅದರಿಂದ ಅವರ ಬಿಪಿಗೂ ಒಳ್ಳೆಯದು, ಕಿಟ್ ಬಗ್ಗೆ ಮನೆಯಲ್ಲಿ ನಡೆಯುತ್ತಿರುವ ವಾದವೂ ತಣ್ಣಗಾಗಬಹುದು.

ಹೆಚ್ಚುವುದಕ್ಕೆ ಎರಡು ದಾರಿ. ಬೀನ್ಸ್, ಕ್ಯಾರೆಟ್, ಕೋಸನ್ನು ಎರಡು ದಿನಕ್ಕಾಗುವಷ್ಟು ಒಂದೇ ಸಲ ಹೆಚ್ಚಿ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿಡಿ. ಮೊದಲು ತೊಳೆದು, ಒರೆಸಿ, ಆಮೇಲೆ ಹೆಚ್ಚಿ. ಬದನೆ, ಆಲೂಗಡ್ಡೆ, ಬಾಳೆಕಾಯಿ ಆಗಿಂದಾಗ್ಗೆ. ಸೊಪ್ಪು ಬಿಡಿಸಿಡಿ, ತೊಳೆಯುವುದು ಅಡುಗೆ ಹೊತ್ತಿಗೆ. ಇಲ್ಲವೇ ಈ ಭಾಗವನ್ನು ದುಡ್ಡು ಕೊಟ್ಟೇ ಇಳಿಸಿಕೊಳ್ಳಿ. ಬಾಳೆದಿಂಡು, ಹಿತುಕಿದ ಅವರೆಬೇಳೆ, ಸುಲಿದ ಬೆಳ್ಳುಳ್ಳಿ, ಬಿಡಿಸಿದ ಮೆಂತ್ಯ ಸೊಪ್ಪು. ಇವುಗಳಿಗೆ ಕೊಡುವ ಒಂದೊಂದು ರೂಪಾಯಿಯೂ ಸಾರ್ಥಕ ಅಂತ ನನ್ನ ಅನುಭವ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಮಾರುವ ಹೆಂಗಸರ ಬೆರಳು ನೋಡಿದ್ದೀರಾ? ನೀರಿನಲ್ಲಿ ನೆನೆನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಒಂದು ಸೇರು ಬೇಳೆಯ ಹಿಂದೆ ಎಷ್ಟು ಹೊತ್ತಿನ ಕೆಲಸ ಇದೆ ಎನ್ನುವುದು ಅದನ್ನು ನೋಡಿದವರಿಗೆ ಗೊತ್ತು. ಅಂಥವರ ಹತ್ತಿರ ಚೌಕಾಸಿ ಮಾಡದೆ ಕೊಳ್ಳಿ. ಅವತ್ತು ಹಿತುಕಿದ್ದು ಅವತ್ತೇ ಅಡುಗೆಗೆ ಬೀಳಲಿ, ಅಷ್ಟು ನೋಡಿಕೊಂಡರೆ ಸಾಕು.

ಇನ್ನೊಂದು ಉಳಿಯಿತು, ಏನು ಅಡುಗೆ ಮಾಡಲಿ ಎಂಬ ಯೋಚನೆ. ನಿಜ ಹೇಳಬೇಕೆಂದರೆ ಕಿಟ್‌ನವರು ಮಾರುವುದರಲ್ಲಿ ಇದಕ್ಕೇ ಬೆಲೆ ಜಾಸ್ತಿ. ಏಳೂವರೆಗೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಲ್ಲುವ ಆ ಐದು ನಿಮಿಷ ಬಹಳ ಸುಸ್ತು ಮಾಡುತ್ತದೆ. ಅದಕ್ಕೇ ತಾನೇ ಕೈ ಮೊಬೈಲಿಗೆ ಹೋಗಿ ಹೋಟೆಲಿನ ಆರ್ಡರ್ ಆಗುವುದು? ಭಾನುವಾರವೇ ಐದು ರಾತ್ರಿಯದು ಬರೆದು ಫ್ರಿಜ್ಜಿಗೆ ಅಂಟಿಸಿ. ಮಗನೂ ಒಂದು ದಿನದ್ದು ಹೇಳಲಿ. ಜೊತೆಗೆ ಒಂದು ನಿಯಮ ಮಾಡಿಕೊಳ್ಳಿ, ಮೊದಲು ಮನೆಗೆ ಬಂದವರು ಕುಕ್ಕರ್ ಇಡಬೇಕು. ಬೇಳೆ, ಅಕ್ಕಿ ತೊಳೆದು ಒಲೆ ಹಚ್ಚುವುದಕ್ಕೆ ಅಡುಗೆ ಬರಲೇಬೇಕು ಎಂದೇನಿಲ್ಲ. ಎರಡನೆಯವರು ಬರುವಷ್ಟರಲ್ಲಿ ಪ್ರೆಶರ್ ಇಳಿದಿರುತ್ತದೆ.

ಕಿಟ್ ಯಾರಿಗೆ ಆಗಿಬರುತ್ತದೆ ಎಂದೂ ಹೇಳಬೇಕು. ಈಗಷ್ಟೇ ಅಡುಗೆ ಕಲಿಯುತ್ತಿರುವ ಇಬ್ಬರೇ ಇರುವ ಮನೆ. ಪರದೇಶದಲ್ಲಿ ಒಬ್ಬರೇ ಇದ್ದು, ಅಲ್ಲಿಯ ಅಡುಗೆಗೆ ಸಾಮಾನು ಯಾವುದು ತರಬೇಕೆಂದೇ ಗೊತ್ತಿಲ್ಲದ ನಮ್ಮ ಹುಡುಗ ಹುಡುಗಿಯರು. ದಿನಾ ಹೊರಗೆ ತಿನ್ನುವವರು. ಇವರಿಗೆಲ್ಲ ಮೂರು ನಾಲ್ಕು ತಿಂಗಳ ಕಿಟ್ ಒಳ್ಳೆಯ ಮೇಷ್ಟ್ರಾಗುತ್ತದೆ. ಚೀಟಿ ಎತ್ತಿಟ್ಟುಕೊಂಡರೆ ಆಮೇಲೆ ಕಿಟ್ ಇಲ್ಲದೆಯೂ ಅದೇ ಅಡುಗೆ ಮಾಡಬಹುದು.

ಸೋಮವಾರದ್ದು ಹೇಗೂ ಬುಕ್ ಆಗಿದೆ, ಬರಲಿ. ಮೊದಲು ಆ್ಯಪ್ ತೆರೆದು ಎರಡನೇ ವಾರ ತಾನಾಗಿ ಮುಂದುವರಿಯುತ್ತದಾ ಅಂತ ನೋಡಿ. ಹಾಗಿದ್ದರೆ ನಿಲ್ಲಿಸುವುದಕ್ಕೆ ಕೊನೆಯ ದಿನ ಯಾವುದು ಎಂದು ಇವತ್ತೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಪೂರ್ತಿ ಬೆಲೆಯ ವಾರ ಶುರುವಾಗುವುದು ಹಾಗೆ ಮರೆತಾಗಲೇ. ಐದು ರಾತ್ರಿಯೂ ಕಿಟ್ ತೆರೆದ ಹೊತ್ತು, ಊಟಕ್ಕೆ ಕೂತ ಹೊತ್ತು ಬರೆದಿಡಿ. ತರಕಾರಿ ತೂಕ, ಪೇಸ್ಟಿನ ಸೋಡಿಯಂ ಬರೆದಿಡಿ. ಅತ್ತೆ ಎರಡನೇ ಸಲ ಬಡಿಸಿಕೊಂಡರಾ, ಮಗ ತಟ್ಟೆಯಲ್ಲಿ ಬಿಟ್ಟನಾ, ಅದನ್ನೂ ಬರೆಯಿರಿ. ಶನಿವಾರ ಆ ಚೀಟಿಯನ್ನು ನಾಲ್ಕೂ ಜನ ಒಟ್ಟಿಗೆ ಕೂತು ನೋಡಿ. ಯಾವ ಎರಡು ರಾತ್ರಿಗೆ ಕಿಟ್ ಬೇಕು ಎಂದು ಅಲ್ಲೇ ಗೊತ್ತಾಗುತ್ತದೆ. ಬೇಡವೇ ಬೇಡ ಅನ್ನಿಸಿದರೆ, ಅಲಾರಂ ಹೊಡೆಯುವುದಕ್ಕೆ ಮುಂಚೆಯೇ ನಿಲ್ಲಿಸಿಬಿಡಿ.